ಹೊಲಿಗೆ ಟೀಚರು ಹೊಲಿದುಕೊಂಡ ಬಾಡಿ

ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಹೆಮ್ಮಾಡಿಯ ನನ್ನ ಮನೆಯ ಅಂಗಳದಲ್ಲಿ ಇದ್ದವರು ಇಬ್ಬರು. ಒಬ್ಬಳು ನಾನು, ಇನ್ನೊಬ್ಬಳು ಬ್ರಹ್ಮಾವರದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ನನ್ನ ತಂಗಿಯ ಮೊಮ್ಮಗಳು.

ಮಳೆ ಹಿಂದೆ ಸರಿದು ಗಟ್ಟಿ ಬಿಸಿಲು ಬಿದ್ದ ಮೊದಲ ಭಾನುವಾರ ಪೆಟ್ಟಿಗೆಯ ಬಟ್ಟೆಗಳನ್ನು ಹೊರಗೆ ಹಾಕುವುದು ನನ್ನ ಪದ್ಧತಿ. ಎಂಟೂವರೆಗೆ ಪೆಟ್ಟಿಗೆ ತೆರೆಯುತ್ತೇನೆ, ಒಂಬತ್ತಕ್ಕೆ ಎಲ್ಲವೂ ಹಗ್ಗದ ಮೇಲಿರುತ್ತದೆ. ಮೊದಲು ಶಾಲು, ಆಮೇಲೆ ರೇಷ್ಮೆ ಸೀರೆಗಳು, ಆಮೇಲೆ ಉಳಿದವು. ಮುಚ್ಚಳ ಎತ್ತಿದಾಗ ಡಾಂಬರು ಗುಳಿಗೆಯ ಘಾಟು ಬರುತ್ತದೆ. ಅದು ಕಳೆದ ಮೇಲೆ, ತಳದಲ್ಲಿರುವ ಒಂದು ಬಟ್ಟೆಯಿಂದ ಬೇರೆಯೇ ವಾಸನೆ. ಹಳೆಯ ಹತ್ತಿಯದ್ದು, ಅದರೊಳಗೆ ತಣ್ಣಗೆ ಸ್ವಲ್ಪ ಲೋಹದ್ದು. ಅದನ್ನು ಹಗ್ಗದ ಕೊನೆಗೆ ಹಾಕಿ ಮೇಲೊಂದು ತೆಳು ಟವೆಲು ಹೊದಿಸುತ್ತೇನೆ. ನಮ್ಮಲ್ಲಿ ಹೆಂಗಸರ ಒಳಬಟ್ಟೆಯನ್ನು ಯಾರೂ ಕಾಣುವಂತೆ ಒಣಗಿಸುವುದಿಲ್ಲ. ಟವೆಲಿನಡಿಯೋ ಸೀರೆಯಡಿಯೋ ಅದು ಒಣಗಬೇಕು. ಆ ಬಾಡಿಯನ್ನು ತೊಡುವವರು ಈಗ ಯಾರೂ ಇಲ್ಲ. ಆದರೂ ಟವೆಲು ಹೊದಿಸದೆ ನನ್ನ ಕೈ ಬಿಡುವುದಿಲ್ಲ.

ಹುಡುಗಿ ಆ ಟವೆಲು ಎತ್ತಿದಳು.

“ಟೀಚರಜ್ಜೀ, ಇದ್ ಯಾರದ್?”

“ಟವೆಲ್ ಹಾಕ್ ಮೊದ್ಲ್,” ಎಂದೆ.

ಅವಳು ಹಾಕಲಿಲ್ಲ. ಬಾಡಿಯ ಎಡಬದಿಯನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿದಳು. “ಎಂತ ಭಾರ ಮಾರಾಯ್ತಿ...” ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಅವಳು ಬಂದದ್ದೇ ಇಂಥದ್ದಕ್ಕೆ. ಫ್ಯಾಷನ್ ಡಿಸೈನ್ ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಾಲೇಜಿನಲ್ಲಿ ಚೀಟಿ ಎತ್ತಿಸಿದಾಗ ಇವಳಿಗೆ ಬಂದದ್ದು ಹೆಂಗಸರ ಒಳ ಉಡುಪು. ಅವಳ ತಾಯಿ ಅದನ್ನು ಮುಚ್ಚಿಟ್ಟು, ನೆಂಟರೆದುರು ಮಗಳದ್ದು ಮದುವೆ ಸೀರೆಯ ಪ್ರಾಜೆಕ್ಟು ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ನನ್ನ ಹತ್ತಿರ ಮಾತ್ರ ಫೋನಿನಲ್ಲಿ ಗೋಳು ತೋಡಿಕೊಂಡಿದ್ದಳು. “ದೊಡ್ಡಮ್ಮ, ಬಾಡಿ ಹೊಲುಕ್ ಕಲೂಕೆ ಕಾಲೇಜಿಗ್ ಹೋಯ್ಕಾ? ಇವ್ಳ್ ಅದ್ರ ಚಿತ್ರ ಬಿಡ್ಸಿ ಊಟದ ಮೇಜಿನ್ ಮೇಲ್ ಇಡ್ತ್ಳ್. ಮಾವ ಬಂದ್ ಕೂಕಂಬು ಜಾಗ ಅದ್!”

ಆ ಚಿತ್ರಗಳನ್ನು ಹುಡುಗಿ ನನಗೂ ತೋರಿಸಿದಳು. ಬೀಜಾಡಿಯ ಕಡಲ ಕರೆಯಲ್ಲಿ ಹೆಕ್ಕಿದ ಚಿಪ್ಪಿನಂಥದ್ದೊಂದು, ತೆರೆಯ ನೊರೆಯಂಥ ಲೇಸಿನದ್ದೊಂದು, ತಾವರೆ ಮೊಗ್ಗಿನಂಥದ್ದೊಂದು. ಕೈ ಚೆನ್ನಾಗಿದೆ. ಆದರೆ ಅವಳ ಮೇಡಂ ಎಲ್ಲವನ್ನೂ ಹಿಂದಕ್ಕೆ ತಳ್ಳಿದ್ದರಂತೆ. ಇದು ಎಲ್ಲ ಕಡೆಯೂ ಸಿಗುತ್ತದೆ, ನೀನು ಎಲ್ಲಿಂದ ಬಂದವಳೋ ಅಲ್ಲಿಂದ ಏನಾದರೂ ತಾ ಎಂದಿದ್ದರಂತೆ. ಬುಧವಾರ ಹೊಸದೇನೂ ತೋರಿಸದಿದ್ದರೆ ಪ್ರಾಜೆಕ್ಟು ಮುಂದಿನ ವರ್ಷಕ್ಕೆ ಹೋಗುತ್ತದೆ. ಅದಕ್ಕಾಗಿ ನನ್ನ ಪೆಟ್ಟಿಗೆಯಲ್ಲಿ ಹಳೆಯ ರವಕೆ, ಹಳೆಯ ಲೇಸು ಸಿಗಬಹುದೆಂದು ಬಂದಿದ್ದಳು.

ನಾನು ಒಂದೇ ಪ್ರಶ್ನೆ ಕೇಳಿದ್ದೆ. “ಇದನ್ ಹಾಕ್ಕಂಬುದ್ ಯಾರ್?”

“ಮಾಡೆಲ್,” ಎಂದಳು.

“ಅದಾದ್ ಮೇಲೆ ಯಾರ್?”

ಅವಳಿಗೆ ನಗು ಬಂತು. ಆಮೇಲೆ ಟವೆಲು ಎತ್ತಿದಳು, ಬಾಡಿ ಯಾರದೆಂದು ಕೇಳಿದಳು. ಹೇಳಬೇಕಾಯಿತು.

ನಾನಾಗ ಕುಂದಾಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರು. ವಾಸ ತಲ್ಲೂರಿನಲ್ಲಿ. ಹೊಳೆಯ ಗಾಳಿ ನೇರ ಬಡಿಯುವ ಒಂದು ಬಾಡಿಗೆ ಮನೆ, ಎದುರಿಗೆ ಎರಡು ಕೋಣೆ, ಹಿಂದೆ ಒಂದು ಅಡುಗೆಮನೆ. ಒಂದು ಕೋಣೆ ನನ್ನದು, ಇನ್ನೊಂದು ಅದೇ ಶಾಲೆಯ ಹೊಲಿಗೆ ಟೀಚರದು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಇಬ್ಬರಿಗೂ ಅದರ ಮಾತು ಎತ್ತುವವರು ಆಗಲೇ ಸುಸ್ತಾಗಿ ಬಿಟ್ಟುಬಿಟ್ಟಿದ್ದರು.

ಅವರದ್ದು ನನಗೆ ಪೂರ್ತಿ ವಿರುದ್ಧ ಸ್ವಭಾವ. ನಾನು ಐದಕ್ಕೆ ಏಳುವವಳು. ಅವರು ಬಸ್ಸಿನ ಹಾರ್ನು ಕೇಳಿದ ಮೇಲೆ ಜಡೆಗೆ ಕೈ ಹಾಕುವವರು. ಬಾಯಿಯಲ್ಲಿ ಸದಾ ಎರಡು ಗುಂಡುಸೂಜಿ, ಸೆರಗಿನಲ್ಲಿ ದಾರದ ತುಂಡು, ಕನ್ನಡಕದ ಒಂದು ಕಡ್ಡಿಗೆ ಸುತ್ತಿದ ನೂಲು. ಸಂಜೆ ನಾನು ಗಂಜಿಗೆ ನೀರಿಡುವಾಗ ಗೋಡೆಯಾಚೆ ಅವರ ಮಿಷನ್ನು ಸುರುವಾಗುತ್ತಿತ್ತು. ಮೊದಲು ನಿಧಾನ, ಆಮೇಲೆ ಒಂದೇ ಸಮನೆ... ಆ ಸದ್ದು ನಿಂತರೆ ಊಟಕ್ಕೆ ಬಂದರು ಎಂದು ಲೆಕ್ಕ. ಒಂದೇ ಒಲೆಯಲ್ಲಿ ಬೇಯಿಸಿ ಉಂಡೆವು, ಜ್ವರ ಬಂದಾಗ ಒಬ್ಬರ ತಲೆಗೆ ಒಬ್ಬರು ತಣ್ಣೀರು ಬಟ್ಟೆ ಹಾಕಿದೆವು. ಆದರೂ ಕೊನೆಯವರೆಗೆ ನಾವು ಒಬ್ಬರಿಗೊಬ್ಬರು “ನೀವು” ಎಂದೇ ಇದ್ದೆವು. ಅವರು ನನ್ನನ್ನು ಡ್ರಿಲ್ ಟೀಚರು ಎನ್ನುತ್ತಿದ್ದರು, ನಾನು ಅವರನ್ನು ಹೊಲಿಗೆ ಟೀಚರು ಎನ್ನುತ್ತಿದ್ದೆ.

ಹತ್ತನೇ ತರಗತಿ ಮುಗಿಸುವ ಮೊದಲು ಪ್ರತಿ ಹುಡುಗಿಯೂ ತನ್ನದೊಂದು ಬಾಡಿಯನ್ನು ತಾನೇ ಹೊಲಿದುಕೊಳ್ಳಬೇಕು ಎಂಬುದು ಅವರ ಹಟ. ಪಾಠಪಟ್ಟಿಯಲ್ಲಿ ಇದ್ದದ್ದು ಕರವಸ್ತ್ರ, ದಿಂಬಿನ ಚೀಲ, ಲಂಗ. ಬಾಡಿ ಅವರು ಸೇರಿಸಿದ್ದು. ಆ ಪಾಠದ ದಿನ ಕ್ಲಾಸಿನ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ಪ್ಯೂನು ಆ ಕಡೆಯಿಂದ ನಡೆದರೆ ಒಳಗಿನಿಂದ ಗುಂಡುಸೂಜಿಯ ಡಬ್ಬಿ ಅಲ್ಲಾಡಿಸಿದ ಸದ್ದು ಬರುತ್ತಿತ್ತು. ದೂರ ಹೋಗು ಎಂದು ಅರ್ಥ.

ತನ್ನ ಎದೆಯ ಗಂಟನ್ನು ಅವರೇ ಮೊದಲು ಕಂಡುಕೊಂಡದ್ದು, ಅಳತೆ ಟೇಪು ಸುತ್ತಿಕೊಳ್ಳುವಾಗ. ಯಾರಿಗೂ ಹೇಳಲಿಲ್ಲ. ಎಡಗೈಯಲ್ಲಿ ಕೊಡಪಾನ ಎತ್ತುವುದನ್ನು ಅವರು ಬಿಟ್ಟದ್ದು ನನ್ನ ಕಣ್ಣಿಗೆ ಬಿದ್ದ ಮೇಲೆ ದೊಡ್ಡಾಸ್ಪತ್ರೆಗೆ ಹೋದದ್ದು. ಎಡಬದಿ ಪೂರ್ತಿ ತೆಗೆದರು. ಬೈಂದೂರಿನಿಂದ ಅವರ ಅಣ್ಣ ಬಂದು ಆಸ್ಪತ್ರೆಯಲ್ಲಿ ನಿಂತರು. ಬಿಡುಗಡೆಯ ದಿನ ತನ್ನ ಮನೆಗೆ ಕರೆದೊಯ್ಯಲು ಟ್ಯಾಕ್ಸಿಯನ್ನೂ ತಂದಿದ್ದರು. ಹೊಲಿಗೆ ಟೀಚರು ಒಪ್ಪಲಿಲ್ಲ. ತಲ್ಲೂರಿಗೇ ಬಿಡಿ ಎಂದರು. ದಾರಿಯಲ್ಲಿ ನನಗೊಬ್ಬಳಿಗೇ ಕೇಳುವಂತೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಬೈಂದೂರಿಗ್ ಹೋರೆ ನಾನ್ ಮತ್ತ್ ಬತ್ತಿಲ್ಲೆ. ಅಲ್ಲಿ ನಂಗೊಂದ್ ಮಂಚ ಹಾಕಿ, ಮನ್ಕೋ ಅಂತ್ರ್.”

ಕೈ ಮೇಲೆತ್ತುವ ವ್ಯಾಯಾಮ ಮಾಡಿಸಬೇಕೆಂದು ವೈದ್ಯರು ಹೇಳಿದ್ದರು. ಅದು ನನ್ನ ಇಲಾಖೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಅವರನ್ನು ಗೋಡೆಯೆದುರು ನಿಲ್ಲಿಸುತ್ತಿದ್ದೆ. ಎಡಗೈಯ ಬೆರಳುಗಳು ಜೇಡ ನಡೆದಂತೆ ಗೋಡೆಯ ಮೇಲೆ ಹತ್ತಬೇಕು. ತಲುಪಿದಲ್ಲಿ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಮರುದಿನ ಅದನ್ನು ದಾಟಬೇಕು.

“ಡ್ರಿಲ್ ಟೀಚ್ರೆ, ನಾನ್ ನಿಮ್ಮ ಎಂಟ್ನೇ ಕ್ಲಾಸಿನ್ ಹೆಣ್ಣಲ್ಲ.”

“ಅವ್ರಾರೆ ಇಷ್ಟ್ ಮಾತಾಡ್ತಿಲ್ಲೆ. ಕೈ ಮೇಲೆ.”

ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ಮಾತ್ರ ಹತ್ತುತ್ತಿತ್ತು. ಕೊನೆಗೆ ಗೆರೆ ಕಿಟಕಿಯ ಚೌಕಟ್ಟಿನ ಎತ್ತರಕ್ಕೆ ಬಂತು. ಇನ್ನು ಶಾಲೆಗೆ ಹೋಗಬಹುದು ಎಂದು ನಾನೇ ಘೋಷಿಸಿದೆ.

ಆದರೆ ಅವರು ಹೊರಗೆ ಕಾಲಿಡಲು ತಯಾರಿರಲಿಲ್ಲ. ಕಾರಣ ಕೈಯಲ್ಲ. ಸೀರೆಯ ಸೆರಗು ಎಡಬದಿಯಲ್ಲಿ ನೇರ ಕೆಳಗಿಳಿದುಬಿಡುತ್ತಿತ್ತು. ಅಂಥದ್ದಕ್ಕೆ ಪೇಟೆಯಲ್ಲಿ ಆಗ ಏನೂ ಸಿಗುತ್ತಿರಲಿಲ್ಲ, ಸಿಕ್ಕಿದರೂ ಕೇಳುವ ಬಾಯಿ ಯಾರಿಗಿತ್ತು? ಕೊನೆಗೆ ತಾನೇ ಒಂದು ಬಾಡಿ ಹೊಲಿದುಕೊಂಡರು. ಕೈ ಹಿಂದೆ ಹೋಗುವುದಿಲ್ಲವೆಂದು ಹುಕ್ಕುಗಳನ್ನು ಮುಂದಕ್ಕೆ ತಂದರು. ಗಾಯ ತಾಗುವಲ್ಲಿ ತೊಳೆದು ತೊಳೆದು ಮೆತ್ತಗಾದ ಹಳೆಯ ಪಂಚೆಯ ಬಟ್ಟೆ ಕೊಟ್ಟರು. ಎಡಬದಿಯ ಚೀಲಕ್ಕೆ ಬೂರುಗದ ಹತ್ತಿ ತುಂಬಿದರು. ಅಂಗೈಯಗಲದ ಕನ್ನಡಿಯಲ್ಲಿ ತುಂಡು ತುಂಡಾಗಿ ತನ್ನನ್ನು ನೋಡಿಕೊಂಡರು. ಸರಿಯಾಗಿತ್ತು. ಇಬ್ಬರೂ ಒಂದೇ ಬಸ್ಸಿಗೆ ಹೋದೆವು.

ಆ ದಿನ ಮಳೆ ಇರಲಿಲ್ಲ. ಮಧ್ಯಾಹ್ನದ ಗಂಟೆಯಾಗುವ ಮೊದಲೇ ಅವರು ಕೊಡೆಯನ್ನು ಅರ್ಧ ಬಿಚ್ಚಿ ಎದೆಗೆ ಅಡ್ಡ ಹಿಡಿದುಕೊಂಡು ಗೇಟು ದಾಟುತ್ತಿರುವುದನ್ನು ನಾನು ಮೈದಾನದಿಂದ ನೋಡಿದೆ.

ಅವರು ಎಡಗೈಯಲ್ಲಿ ಬರೆಯುವವರು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಒಳಗಿನದ್ದು ಕೈಯ ಜೊತೆಗೇ ಮೇಲೆ ಬಂದಿತ್ತು. ಕೈ ಇಳಿಸಿದರೂ ಅದು ಇಳಿಯಲಿಲ್ಲ, ಕತ್ತಿನ ಬುಡದಲ್ಲೇ ನಿಂತಿತು. ಹುಡುಗಿಯರು ನಕ್ಕರಾ ಎಂದು ಸಂಜೆ ಕೇಳಿದೆ. ನಗಲಿಲ್ಲ ಎಂದರು. ಮುಂದಿನ ಬೆಂಚಿನವಳು ತಲೆ ತಗ್ಗಿಸಿದಳಂತೆ, ಅವಳನ್ನು ನೋಡಿ ಪಕ್ಕದವಳು, ಆಮೇಲೆ ಇಡೀ ಸಾಲು. ಒಬ್ಬಳಾದರೂ ನಕ್ಕಿದ್ದರೆ ಬೈದು ಮುಗಿಸುತ್ತಿದ್ದೆ ಎಂದರು...

ಮಿಷನ್ನಿನ ಮೇಲೆ ಹಾಸಿಗೆ ಬಟ್ಟೆ ಹೊದಿಸಿ ಇಟ್ಟಿದ್ದರು. ಸೋಮವಾರ ರಾಜೀನಾಮೆ ಕೊಟ್ಟು ಬೈಂದೂರಿಗೆ ಹೋಗುತ್ತೇನೆ ಎಂದರು. ನಾನು ಅನ್ನ ಬಡಿಸಿದೆ, ಮುಟ್ಟಲಿಲ್ಲ. ಮಕ್ಕಳಿಗೆ ದಿನವಿಡೀ ಹಾಗೆ ನಿಲ್ಲು, ಹೀಗೆ ತಿರುಗು ಎನ್ನುವ ನನಗೆ ಆ ಹೊತ್ತಿಗೆ ಹೇಳಲು ಒಂದು ಮಾತೂ ತೋಚಲಿಲ್ಲ. ಅವರು ಹೋದರೆ ಆ ಮನೆಯಲ್ಲಿ ಸಂಜೆ ಹೇಗಿರುತ್ತದೆ ಎಂಬುದು ಮಾತ್ರ ತೋಚಿತು. ಅದನ್ನು ಹೇಳಲು ನಮ್ಮಲ್ಲಿ ಅಂಥ ಸಲಿಗೆ ಇರಲಿಲ್ಲ. ಅದರ ಬದಲು ಒಂದು ದಡ್ಡ ಸಲಹೆ ಕೊಟ್ಟೆ. ಓಟದ ಹುಡುಗಿಯರು ಕಟ್ಟಿಕೊಳ್ಳುವಂತೆ ಅಗಲ ಪಟ್ಟಿ ಬಿಗಿದು ಎರಡೂ ಬದಿ ಚಪ್ಪಟೆ ಮಾಡಿದರಾಯಿತಲ್ಲ ಎಂದೆ.

“ಹಾಂಗಾರೆ ಇನ್ನೊಂದೂ ಕೊಯ್ಸ್ಕಂಡ್ ಬತ್ತೆ, ಆತ್ತಾ?” ಎಂದು ಎದ್ದು ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಭಾನುವಾರ. ಅವರು ಆ ಬಾಡಿಯನ್ನು ಒಗೆದು ಹಿತ್ತಿಲ ಹಗ್ಗದಲ್ಲಿ ಟವೆಲಿನಡಿ ಹಾಕಿದ್ದರು. ಇನ್ನು ತೊಡುವುದಿಲ್ಲ ಎಂದವರು ಅದನ್ನು ಏಕೆ ಒಗೆದರೋ ನಾನು ಕೇಳಲಿಲ್ಲ. ಹೊಳೆಗಾಳಿ ಜೋರಿತ್ತು. ನಮಗೆ ಮೀನು ಕೊಡುವ ಅಕ್ಕ ಹಿತ್ತಿಲ ಬೇಲಿಯ ದಣಪೆ ದಾಟುವ ಹೊತ್ತಿಗೆ ಸರಿಯಾಗಿ ಟವೆಲು ಹಾರಿ ಬಿತ್ತು.

“ಹ್ವಾಯ್ ಟೀಚ್ರೆ, ಬಂಗ್ಡಿ ಇತ್ತ್, ಕಾಣಿ—” ಎಂದವಳ ಮಾತು ನಿಂತಿತು. ಹಗ್ಗದ ಹತ್ತಿರ ಹೋಗಿ ಕತ್ತು ಓರೆ ಮಾಡಿದಳು. “ಇದೆಂತ ಮಾರಾಯ್ರೆ, ಒಂದ್ ಬದಿಗ್ ತಲೆದಿಂಬ್ ಕಟ್ಟಿರಿ?”

ನಾನು ಅಡುಗೆಮನೆಯ ಬಾಗಿಲಲ್ಲಿ ಕಲ್ಲಾದೆ. ಹೊಲಿಗೆ ಟೀಚರು ಹೊರಗೆ ಬಂದರು. ಬೈದು ಕಳಿಸುತ್ತಾರೆ ಎಂದುಕೊಂಡೆ. ಅವರು ಮೆಟ್ಟಿಲ ಮೇಲೆ ಕುಳಿತು, “ನನ್ನದ್ ಒಂದ್ ಬದಿ ಕೊಯ್ದ್ರ್ ಅಕ್ಕಾ. ಅದ್ಕೆ,” ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು.

ಮೀನಿನ ಅಕ್ಕ ಬುಟ್ಟಿ ಇಳಿಸಿದಳು. ಅಯ್ಯೋ ಪಾಪ ಎನ್ನಲಿಲ್ಲ. ಕೈಯನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು ಬಾಡಿಯ ಎಡಬದಿಯನ್ನು ಹಿಸುಕಿ ನೋಡಿದಳು. ಕೈ ಎತ್ತಿದಾಗ ಇದು ಮೇಲೆ ಬರುತ್ತದೆ ಎಂದು ಹೊಲಿಗೆ ಟೀಚರು ಹೇಳಿದರು.

“ಬಾರ್ದೆ ಮತ್ತೆಂತ? ಇದ್ರೊಳ್ಗೆ ಭಾರವೇ ಇಲ್ಲೆ. ಸೀಸ ಕಟ್ದೆ ಬಲಿ ಬೀಸಿರೆ ಅದ್ ನೀರ್ ಮೇಲೇ ತೇಲತ್ತ್ ಅಲ್ದಾ?” ಎಂದವಳು ತನ್ನ ಎದೆಯ ಕಡೆ ಗದ್ದ ತೋರಿಸಿದಳು. “ನಂದ್ ಕಾಣಿ. ಎಷ್ಟ್ ಭಾರ ಇತ್ತ್ ಅಂಬುದ್ ನನ್ನ ಬೆನ್ನಿಗೇ ಗೊತ್ತ್.”

ಹೊಲಿಗೆ ಟೀಚರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಹೊಲಿಗೆ ಹಾಕಿದ ಜಾಗ ನೋಯುತ್ತದೆ ಎನ್ನುತ್ತಲೇ ನಕ್ಕರು. ನಾನು ಬಾಗಿಲಲ್ಲೇ ನಿಂತು ಸೌಟು ಹಿಡಿದುಕೊಂಡು ನೋಡಿದೆ.

ಮರುದಿನ ಬೆಳಿಗ್ಗೆ ಮೀನಿನ ಅಕ್ಕ ಕೆಸುವಿನ ಎಲೆಯಲ್ಲಿ ಒಂದು ಮುಷ್ಟಿ ಸೀಸದ ಮಣಿ ತಂದಳು. ಬೀಸುಬಲೆಯ ಅಂಚಿಗೆ ಸುತ್ತ ಪೋಣಿಸುತ್ತಾರಲ್ಲ, ಅಂಥವು. ಗಂಡನಿಗೆ ಏನು ಹೇಳಿದಿ ಎಂದು ಕೇಳಿದೆ.

“ಇಲಿ ಕೊಂಡ್ಹೋಯ್ತ್ ಅಂದೆ.”

“ಸೀಸವನ್ನಾ?”

“ಅವ್ರಿಗ್ ಬಲಿ ಹರ್ದದ್ದೇ ಗೊತ್ತಿಲ್ಲೆ. ಇಲಿ ಹಲ್ಲ್ ಕಾಂತ್ರಾ?”

ಆ ದಿನ ಹೊಲಿಗೆ ಟೀಚರು ರಾಜೀನಾಮೆ ಕೊಡಲಿಲ್ಲ, ರಜೆ ಹಾಕಿದರು. ನಾನು ಸಂಜೆ ಬರುವಾಗ ಗೋಡೆಯಾಚೆ ಮಿಷನ್ನು ಓಡುತ್ತಿತ್ತು. ಕೈಕಾಲು ತೊಳೆಯದೆ ಅಲ್ಲೇ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತುಬಿಟ್ಟೆ.

ಕೆಲಸ ಒಂದೇ ಸಲಕ್ಕೆ ಆಗಲಿಲ್ಲ. ಮೊದಲು ಇಡೀ ಮುಷ್ಟಿ ಮಣಿಯನ್ನು ಹತ್ತಿಯೊಳಗೆ ಸುರಿದರು. ಅದು ಕಲ್ಲಿನಂತೆ ಕೆಳಗೆ ಜಗ್ಗಿತು, ಹೆಗಲ ಪಟ್ಟಿ ಚರ್ಮಕ್ಕೆ ಇಳಿಯಿತು, ನಡೆದರೆ ಗೆಜ್ಜೆ ಕಟ್ಟಿದಂತೆ ಸದ್ದು. ಅರ್ಧ ತೆಗೆದರು. ಸದ್ದು ಹೋಗಲಿಲ್ಲ. ಕೊನೆಗೆ ಒಂದೊಂದು ಮಣಿಗೂ ಬೇರೆ ಬೇರೆ ಗೂಡು ಹೊಲಿದು, ಬಲೆಯ ಅಂಚಿನಂತೆಯೇ ಕೆಳಗಿನ ಸುತ್ತಿಗೆ ಕೂರಿಸಿದರು. ಸೀಸ ಮೈಗೆ ತಾಗಬಾರದೆಂದು ನಡುವೆ ಮೇಣಬಟ್ಟೆಯ ಪದರ ಕೊಟ್ಟರು. ಹೆಗಲ ಪಟ್ಟಿಯನ್ನು ಅಗಲ ಮಾಡಿದರು. ಪ್ರತಿ ಸಲ ಹೊಲಿದಾಗಲೂ ಪರೀಕ್ಷೆ ಮಾಡಿಸುವುದು ನಾನು. ಕೈ ಮೇಲೆ, ಕೈ ಪಕ್ಕಕ್ಕೆ, ಬಗ್ಗಿ, ಕುಳಿತು ಏಳಿ. ಕೊನೆಯ ದಿನ “ಹಾರಿ” ಎಂದೆ.

“ಎಂತ?”

“ಹಾರ್ಕ್. ಹಾರಿರೆ ಮಾತ್ರ ಪಾಸ್.”

ನಲವತ್ತು ದಾಟಿದ ಹೆಂಗಸು, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಕೋಣೆಯ ನಡುವೆ ಹಾರಿದರು. ಇನ್ನೊಮ್ಮೆ ಎಂದೆ, ಹಾರಿದರು. ಅದು ಇದ್ದಲ್ಲೇ ಇತ್ತು.

ಅವರು ಮತ್ತೆ ಶಾಲೆಗೆ ಬಂದ ದಿನ ನಾನು ಒಂಬತ್ತನೆಯವರಿಗೆ ಮಾರ್ಚಿಂಗ್ ಮಾಡಿಸುತ್ತಿದ್ದೆ. ಹೊಲಿಗೆ ಕ್ಲಾಸಿನ ಕಿಟಕಿ ತೆರೆದಿತ್ತು. ಬೋರ್ಡಿನ ಮೇಲಂಚಿನಿಂದ ಅವರು ಏನೋ ಬರೆಯುತ್ತಿದ್ದರು, ಕೈ ಪೂರ್ತಿ ಎತ್ತಿ. ಯಾವ ಹುಡುಗಿಯೂ ತಲೆ ತಗ್ಗಿಸಿರಲಿಲ್ಲ, ಎಲ್ಲರೂ ಬೋರ್ಡು ನೋಡಿ ಬರೆದುಕೊಳ್ಳುತ್ತಿದ್ದರು. ನಾನು ಗೊತ್ತಿಲ್ಲದೆ ಸೀಟಿ ಊದಿಬಿಟ್ಟೆ. ಮಾರ್ಚಿಂಗಿನ ಹುಡುಗಿಯರು ಒಂದು ಕಾಲು ಎತ್ತಿದವರು ಎತ್ತಿದಂತೆಯೇ ನಿಂತರು.

ಆಮೇಲೆ ಕೆಲವು ವರ್ಷ ಒಳ್ಳೆಯದಾಗಿಯೇ ನಡೆಯಿತು. ಹೇಗೋ ಸುದ್ದಿ ಹಬ್ಬಿ, ಅಲ್ಲೊಬ್ಬರು ಇಲ್ಲೊಬ್ಬರು ಹೆಂಗಸರು ಸಂಜೆ ಹೊತ್ತು ಬಂದು ಜಗಲಿಯಲ್ಲಿ ಸುಮ್ಮನೆ ಕುಳಿತುಕೊಳ್ಳುತ್ತಿದ್ದರು. ಏನು ಬೇಕೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಲಿಗೆ ಟೀಚರು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಮೀನಿನ ಅಕ್ಕನಿಗೆ “ಇಲಿ ಬಂದಿತ್ತ್” ಎಂದರೆ ಸಾಕು, ಮರುದಿನ ಮಣಿ ಬರುತ್ತಿತ್ತು.

ಕಾಯಿಲೆ ಮತ್ತೆ ಬಂದಾಗ ಬೆನ್ನಿನ ಮೂಳೆಗೆ ಬಂತು. ಈ ಸಲ ಅವರು ಯಾವ ಹಟವನ್ನೂ ಮಾಡಲಿಲ್ಲ. ಅಣ್ಣ ಬಂದರು, ಮಿಷನ್ನನ್ನು ಟೆಂಪೋಗೆ ಏರಿಸಿದರು, ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋದರು. ಆ ಸಂಜೆ ನಾನು ಎಂದಿನ ಹೊತ್ತಿಗೆ ಗಂಜಿಗೆ ನೀರಿಟ್ಟೆ. ಇಬ್ಬರ ಅಳತೆಗೆ ಅಕ್ಕಿ ಹಾಕಿದ್ದು ಬೆಂದ ಮೇಲೆ ಗೊತ್ತಾಯಿತು. ಹಿತ್ತಿಲಿಗೆ ಹೋದರೆ ಹಗ್ಗದಲ್ಲಿ ಟವೆಲಿನಡಿ ಅವರ ಬಾಡಿ ಇನ್ನೂ ಒಣಗುತ್ತಿತ್ತು. ಅವಸರದಲ್ಲಿ ಯಾರೂ ನೋಡಿರಲಿಲ್ಲ.

ಮುಂದಿನ ಭಾನುವಾರ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬೈಂದೂರಿಗೆ ಹೋದೆ. ಅಣ್ಣನ ಹೆಂಡತಿ ಒಳ್ಳೆಯವರು, ಕಾಫಿ ಕೊಟ್ಟು ನಮ್ಮಿಬ್ಬರನ್ನೇ ಬಿಟ್ಟು ಹೋದರು. ಕಿಟಕಿಯ ಪಕ್ಕ ಮಂಚ. ಸಡಿಲ ನೈಟಿಯಲ್ಲಿ ಹೊಲಿಗೆ ಟೀಚರು ಬಹಳ ಸಣ್ಣಗೆ ಕಂಡರು. ಬಾಡಿಯನ್ನು ತೆಗೆದು ಅವರ ಕೈಗೆ ಕೊಟ್ಟೆ. ಹೊಲಿಗೆಗಳ ಮೇಲೆ ಬೆರಳಾಡಿಸಿ ನೋಡಿ ನನಗೇ ಹಿಂದೆ ಕೊಟ್ಟರು.

“ನೀವೇ ಇಟ್ಕಣಿ. ಇಲ್ಲಿ ನಂಗ್ ಕೈ ಎತ್ತಿ ಬರೂಕ್ ಬೋರ್ಡ್ ಇಲ್ಲೆ.”

ಏನಾದರೂ ಹೇಳಬೇಕಿತ್ತು... ನಾನು “ವ್ಯಾಯಾಮ ಮಾಡ್ತಾ ಇದ್ರ್ಯಾ?” ಎಂದು ಕೇಳಿದೆ. ಅವರು ಮಲಗಿದಲ್ಲೇ ಎಡಗೈಯನ್ನು ಗೋಡೆಗೆ ತಾಗಿಸಿ ಬೆರಳುಗಳನ್ನು ಎರಡು ಹೆಜ್ಜೆ ನಡೆಸಿ ತೋರಿಸಿದರು.

ಮಳೆಗಾಲದಲ್ಲಿ ತೀರಿಹೋದರು. ಸುದ್ದಿ ಶಾಲೆಯ ಆಫೀಸಿಗೆ ಬಂತು, ಅಲ್ಲಿಂದ ನನಗೆ. ಬೈಂದೂರಿನ ಮನೆಯಲ್ಲಿ ನೆಂಟರು ಒಳಗೆ, ಉಳಿದವರು ಚಪ್ಪರದಡಿ ಕುಳಿತಿದ್ದರು. ನನ್ನನ್ನು ಶಾಲೆಯವರ ಜೊತೆ ಬೆಂಚಿನಲ್ಲಿ ಕೂರಿಸಿದರು. ಸರಿಯೇ, ನಾನು ಶಾಲೆಯವಳೇ.

ಇಷ್ಟೆಲ್ಲವನ್ನೂ ನಾನು ಹುಡುಗಿಗೆ ಹೇಳಲಿಲ್ಲ. ಕೈ, ಬೋರ್ಡು, ಮಣಿ, ಅಷ್ಟು ಹೇಳಿದೆ. ಅವಳು ಬಾಡಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಕೇಳಿ ಮುಗಿದ ಮೇಲೆ ನಿಧಾನಕ್ಕೆ ಹೇಳಿದಳು.

“ಅಜ್ಜಿ, ಇದ್ರ ಪ್ಯಾಟರ್ನ್ ತೆಗೀಕ್. ಹೊಲ್ಗೆ ಬಿಚ್ಚುಕ್ ಆತ್ತಾ?”

“ಆತಿಲ್ಲೆ,” ಎಂದೆ.

ಅವಳು ವಾದಿಸಲಿಲ್ಲ. ಮೊಬೈಲಿನ ಬೆಳಕು ಹಿಡಿದು ಬಟ್ಟೆಯ ಮೂಲಕ ನೋಡಿದಳು, ಹೊರಗಿನಿಂದಲೇ ಟೇಪು ಹಿಡಿದಳು. ಪದರದ ಮೇಲೆ ಪದರವಿದ್ದುದರಿಂದ ಏನೂ ತಿಳಿಯಲಿಲ್ಲ. ಕೊನೆಗೆ ಅದನ್ನು ಮಡಚಿ ಹಗ್ಗದ ಮೇಲೆ ಹಾಕಿ, ತಾನಾಗಿಯೇ ಟವೆಲು ಹೊದಿಸಿ ಬಂದಳು.

ಹನ್ನೆರಡೂವರೆಗೆ ಊಟ. ನಾನು ಹೊರಗೆ ನೋಡುತ್ತಿದ್ದೆ. ಹೊಲಿಗೆ ಟೀಚರ ಮಿಷನ್ನು ಅವರ ಅಣ್ಣನ ಮನೆಯಲ್ಲಿ ಈಗ ಇಲ್ಲ. ತಲ್ಲೂರಿನ ಮನೆ ಕೆಡವಿ ಅಂಗಡಿ ಕಟ್ಟಿದ್ದಾರೆ. ಮೀನಿನ ಅಕ್ಕ ತೀರಿಕೊಂಡು ಬಹಳ ಕಾಲವಾಯಿತು. ಹೊಲಿಗೆ ಟೀಚರ ಕೈ ಆಡಿದ್ದು ಎಂದು ನನ್ನ ಹತ್ತಿರ ಉಳಿದಿರುವುದು ಆ ಹೊಲಿಗೆಗಳು ಮಾತ್ರ. ಬಿಚ್ಚಿದರೆ ಅವೂ ಹೋದವು. ಬಿಚ್ಚದಿದ್ದರೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ, ನನಗಾಗುವವರೆಗೆ. ಆಮೇಲೆ ಈ ಪೆಟ್ಟಿಗೆ ತೆರೆಯುವವರು ಅದನ್ನು ನೆಲ ಒರೆಸುವ ಬಟ್ಟೆಗಳ ಜೊತೆ ಹಾಕುತ್ತಾರೆ. ಅವರ ತಪ್ಪೂ ಅಲ್ಲ. ಎಡಬದಿ ಏಕೆ ಭಾರ ಎಂದು ಅವರಿಗೆ ಹೇಳುವವರು ಯಾರು?

ಕೈ ತೊಳೆದು ಬ್ಲೇಡು ತಂದೆ. ಹುಡುಗಿ ಕೈ ಚಾಚಿದಳು, ಕೊಡಲಿಲ್ಲ. ನಾನೇ ಬಿಚ್ಚಿದೆ.

ಹಳೆಯ ದಾರ ಎಳೆಯಾಗಿ ಬರಲಿಲ್ಲ, ಪುಡಿಪುಡಿಯಾಗಿ ಉದುರಿತು. ಮಣಿಗಳನ್ನು ಒಂದು ಸ್ಟೀಲಿನ ಬಟ್ಟಲಿಗೆ ಹಾಕುತ್ತ ಹೋದೆ. ಹತ್ತಿ ಹಳದಿಯಾಗಿ ಗಟ್ಟಿಯಾಗಿತ್ತು. ಎಲ್ಲ ತುಂಡುಗಳನ್ನೂ ಪೇಪರಿನ ಮೇಲೆ ಹರಡಿದಾಗ ಅದು ಬಾಡಿಯಂತೆ ಕಾಣಲೇ ಇಲ್ಲ. ಯಾವುದೋ ಊರಿನ ನಕ್ಷೆಯ ತುಂಡುಗಳಂತಿತ್ತು.

ಹುಡುಗಿ ಬಹಳ ಹೊತ್ತು ನೋಡಿದಳು. ಎಡದ ತುಂಡನ್ನು ಬಲದ ತುಂಡಿನ ಮೇಲಿಟ್ಟಳು. ಒಂದಕ್ಕೊಂದು ಕೂಡಲಿಲ್ಲ.

“ಎರಡೂ ಬ್ಯಾರೆ ಬ್ಯಾರೆ ಇತ್ತಲ್ದಾ ಅಜ್ಜಿ. ನಾನ್ ಇಷ್ಟ್ ದಿನ ಒಂದ್ ಬದಿ ಬಿಡ್ಸಿ, ಕಾಗ್ದ ಮಡ್ಚಿ, ಇನ್ನೊಂದ್ ಬದಿ ಕೊಯ್ತಿದ್ದೆ. ನಮ್ಗ್ ಹಾಂಗೇ ಕಲ್ಸುದ್.”

ಆಮೇಲೆ ಅವಳು ತಲೆ ಎತ್ತಲಿಲ್ಲ. ಖಾಕಿ ಕಾಗದ ಹಾಸಿ ಒಂದೊಂದೇ ತುಂಡು ಇಟ್ಟು ಗೆರೆ ಎಳೆದಳು. ಮಣಿಯ ಗೂಡುಗಳಿದ್ದಲ್ಲಿ ಚುಕ್ಕಿ ಇಟ್ಟಳು. ಚಿಪ್ಪು, ನೊರೆ, ತಾವರೆಗಳಿದ್ದ ಪುಸ್ತಕ ಚೀಲದಿಂದ ಹೊರಗೇ ಬರಲಿಲ್ಲ. ನಡುವೆ ಒಮ್ಮೆ ಕೇಳಿದಳು, ಪ್ರಾಜೆಕ್ಟಿನಲ್ಲಿ ಅವರ ಹೆಸರು ಏನೆಂದು ಬರೆಯಲಿ ಎಂದು. ಹೆಸರು ಬೇಡ, ಹೊಲಿಗೆ ಟೀಚರು ಎಂದು ಬರೆ ಎಂದೆ. ಅವರು ಇದ್ದಿದ್ದರೆ ಅದೂ ಬೇಡ ಎನ್ನುತ್ತಿದ್ದರೇನೋ. ಕೇಳಲು ಇಲ್ಲವಲ್ಲ...

“ಸೀಸದ ಬದ್ಲ್ ಈಗ ಬ್ಯಾರೆ ಎಂತಾರೂ ಹಾಕ್ಲಕ್ಕ್,” ಎಂದಳು. “ಒಬ್ರಿಗ್ ಹಾಕಿ ಕಾಣ್ಕ್. ಮಾಡೆಲ್ ಆತಿಲ್ಲೆ. ನಮ್ಮ ಕಾಲೇಜಿನ್ ಆಫೀಸಂಗೆ ಒಬ್ರ್ ಮೇಡಂ ಇದ್ರ್, ಯಾವಾಗ್ಳೂ ಫೈಲ್ ಹೀಂಗ್ ಹಿಡ್ಕಂಡ್ ನಡೀತ್ರ್.” ಕಾಗದದ ಸುರುಳಿಯನ್ನು ಎದೆಗೆ ಅಡ್ಡ ಹಿಡಿದು ತೋರಿಸಿದಳು. “ಅವ್ರನ್ ಹ್ಯಾಂಗ್ ಕೇಂಬುದ್ ಗೊತ್ತಿಲ್ಲೆ.”

“ಕೇಣ್ಬ್ಯಾಡ. ಅವ್ರ್ ಹತ್ರ ಹೋಯಿ ಕೂಕೋ,” ಎಂದೆ.

ನಾಲ್ಕು ಗಂಟೆಯ ಬಸ್ಸಿಗೆ ಅವಳನ್ನು ಹೆದ್ದಾರಿಯವರೆಗೆ ಬಿಟ್ಟುಬಂದೆ. ತುಂಡುಗಳನ್ನು ಕೊಂಡುಹೋಗಿ ಮಿಷನ್ನಿನಲ್ಲಿ ಚಂದ ಹೊಲಿದು ತರುತ್ತೇನೆ ಎಂದಿದ್ದಳು. ಬೇಡ ಎಂದಿದ್ದೆ.

ಹಗ್ಗದ ಬಟ್ಟೆಗಳನ್ನು ತೆಗೆದು ಮಡಚಿ ಒಳಗಿಟ್ಟೆ. ದೀಪ ಹಚ್ಚಿದೆ. ಐದೂವರೆಗೆ ಸೂಜಿಗೆ ದಾರ ಪೋಣಿಸಲು ಕುಳಿತೆ. ಪೋಣಿಸುವುದಕ್ಕೇ ಬಹಳ ಹೊತ್ತಾಯಿತು. ಹಳೆಯ ಸೂಜಿಯ ತೂತುಗಳು ಬಟ್ಟೆಯ ಮೇಲೆ ಹಾಗೆಯೇ ಇದ್ದವು, ಒಂದರ ಪಕ್ಕ ಒಂದು. ಅದರಲ್ಲೇ ಹೋಗಲು ನೋಡಿದೆ. ನನ್ನ ಸೂಜಿ ಒಂದೆರಡರಲ್ಲಿ ಹೋಯಿತು, ಉಳಿದಲ್ಲಿ ಪಕ್ಕಕ್ಕೆ ಜಾರಿತು. ಒಂದು ಕಡೆ ಬಟ್ಟೆಯೇ ಹಿಸಿಯಿತು. ಮಣಿಗಳನ್ನು ಗೂಡುಗಳಿಗೆ ಹಾಕಿ ಬಾಯಿ ಹೊಲಿದೆ. ಹೊಲಿಗೆ ಡೊಂಕಾಗಿದೆ. ಅವರ ಕ್ಲಾಸಿನಲ್ಲಾಗಿದ್ದರೆ ಬಿಚ್ಚಿ ಮತ್ತೆ ಹಾಕು ಎನ್ನುವಷ್ಟು ಡೊಂಕು.

ಹೊಲಿಗೆಯ ಕೊನೆಯ ಗಂಟು ಹಾಕಲು ನನಗೆ ಎಂದೂ ಬಂದಿಲ್ಲ. ರವಕೆಯ ಗುಂಡಿಯಾಗಲಿ ಲಂಗದ ಅಂಚಾಗಲಿ, ಹೊಲಿಯುವಷ್ಟು ಹೊಲಿದು ಗೋಡೆಯಾಚೆ ಹೋಗಿ ಸುಮ್ಮನೆ ನಿಂತರೆ, ಅವರು ಮಾತಾಡದೆ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಮುಗಿಸಿ ಕೊಡುತ್ತಿದ್ದರು. ಈಗಲೂ ದಾರ ಮುಗಿಯುತ್ತಾ ಬಂದಾಗ ಬಟ್ಟೆ ಹಿಡಿದುಕೊಂಡು ಎದ್ದೇ ಬಿಟ್ಟಿದ್ದೆ. ಎದ್ದವಳು ನಿಂತು, ಮತ್ತೆ ಕುಳಿತೆ.

ಗೊತ್ತಿದ್ದ ಹಾಗೆ ಗಂಟು ಹಾಕಿದೆ, ಒಂದರ ಮೇಲೊಂದು. ದೊಡ್ಡದಾಯಿತು. ಒಳಬದಿಗೆ ಬಂತು, ಮೈಗೆ ತಾಗುವ ಜಾಗದಲ್ಲೇ. ಚುಚ್ಚುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಏಳೂವರೆಗೆ ದಾರ ಕತ್ತರಿಸಿದೆ.